ಇನ್ನೂರು ಕೆಜಿ ಮುಚ್ಚಳ, ಒಂದೇ ಗಡಾರಿ

ಎಂಬತ್ತು ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ದಪ್ಪದ ಉಕ್ಕಿನ ಬಿಲ್ಲೆ ಎಷ್ಟು ತೂಗುತ್ತದೆ? ಐಟಿಐ ಹುಡುಗನೂ ಎರಡು ನಿಮಿಷದಲ್ಲಿ ಲೆಕ್ಕ ಹಾಕಿ ಹೇಳುತ್ತಾನೆ: ಹೆಚ್ಚುಕಮ್ಮಿ 200 ಕೆಜಿ. ರಿಯಾಕ್ಟರು, ಒತ್ತಡದ ಟ್ಯಾಂಕುಗಳ ಮ್ಯಾನ್‌ಹೋಲಿಗೆ ಕೂರಿಸುವ ಮುಚ್ಚಳ ಹೆಚ್ಚಾಗಿ ಈ ಅಳತೆಯ ಆಸುಪಾಸಿನದೇ. ಅದನ್ನು ಬಿಚ್ಚಿ ಪಕ್ಕಕ್ಕೆ ಸರಿಸಿ ಎಂದು ಎಷ್ಟೋ ಶೆಡ್ಡುಗಳಲ್ಲಿ ಕೊಡುವುದು ಒಂದು ಗಡಾರಿ, ಇಬ್ಬರು ಹೆಲ್ಪರು, ಜೊತೆಗೆ ಒಂದು ‘ಹುಷಾರಪ್ಪಾ’. ಹೀಗೆ ಬೆರಳು ಕಳೆದುಕೊಂಡವನ ಹೆಸರಿನ ಮುಂದೆ ‘ಅಜಾಗರೂಕತೆ’ ಎಂದು ಬರೆಯುವ ರೂಢಿ ನಿಲ್ಲಬೇಕು. ತಪ್ಪು ಆ ಟ್ಯಾಂಕಿನ ಡ್ರಾಯಿಂಗಿಗೆ ಸಹಿ ಹಾಕಿದವರದು, ನಾಲ್ಕು ಕಾಸು ಉಳಿಸಲು ಎತ್ತುವ ತೋಳು ಬೇಡವೆಂದು ಆರ್ಡರ್ ಕೊಟ್ಟವರದು.

ಕೆಲಸ ನಡೆಯುವ ರೀತಿಯನ್ನು ಹತ್ತಿರದಿಂದ ನೋಡಿ. ಟ್ಯಾಂಕಿನ ಮೈಯಿಂದ ಅಡ್ಡಲಾಗಿ ಚಾಚಿದ ಕತ್ತು, ಅದರ ಬಾಯಿಗೆ ಕೂತ ಮುಚ್ಚಳ, ಸುತ್ತ ಇಪ್ಪತ್ತು ಬೋಲ್ಟು. ಹತ್ತೊಂಬತ್ತು ಬಿಚ್ಚುವವರೆಗೆ ಎಲ್ಲವೂ ಸಲೀಸು. ಇಪ್ಪತ್ತನೆಯದರ ನಟ್ಟು ಸಡಿಲವಾದಾಗ ಇಡೀ ಭಾರ ಒಂದೇ ಬೋಲ್ಟಿಗೆ ಜೋತುಬೀಳುತ್ತದೆ, ಮುಚ್ಚಳ ಗಡಿಯಾರದ ಲೋಲಕದಂತೆ ಓಲಾಡುತ್ತದೆ. ಗ್ಯಾಸ್ಕೆಟ್ ಅಂಟಿದ್ದರೆ ಗಡಾರಿ ಹಾಕಿ ಮೀಟಬೇಕು. ಮೀಟುವವನ ಎಡಗೈ ತಾನಾಗಿ ಅಂಚಿಗೆ ಹೋಗುತ್ತದೆ, ಜಜ್ಜುವುದು ಅಲ್ಲೇ. ಮತ್ತೆ ಕೂರಿಸುವಾಗ ಅಪಾಯ ಇನ್ನೂ ಹೆಚ್ಚು: ತೂತಿಗೆ ತೂತು ಕೂಡಿದೆಯೇ ಎಂದು ಬೆರಳು ಹಾಕಿ ನೋಡುವ ಚಾಳಿ ನಮ್ಮ ವರ್ಕ್‌ಶಾಪುಗಳಲ್ಲಿ ಗುರುವಿನಿಂದ ಶಿಷ್ಯನಿಗೆ ಬಂದದ್ದು.

ಇನ್ನೊಂದು ಶತ್ರು ಕಣ್ಣಿಗೇ ಬೀಳುವುದಿಲ್ಲ. ಅರವತ್ತು ಸೆಂಟಿಮೀಟರ್ ಅಗಲದ ಬಾಯಿಯ ಹಿಂದೆ ಚದರ ಸೆಂಟಿಮೀಟರಿಗೆ ಬರೀ 0.1 ಕೆಜಿ ಒತ್ತಡ ಉಳಿದಿದ್ದರೂ ಅದು ಮುಚ್ಚಳವನ್ನು 280 ಕೆಜಿಗೂ ಹೆಚ್ಚು ಬಲದಿಂದ ಹೊರಕ್ಕೆ ನೂಕುತ್ತದೆ. ಹತ್ತು ಕೆಜಿಯ ಗೇಜಿನಲ್ಲಿ ಇಷ್ಟು ಅಲ್ಪ ಒತ್ತಡಕ್ಕೆ ಮುಳ್ಳು ಕದಲುವುದೇ ಅನುಮಾನ. ಅದಕ್ಕೇ ಬಲ್ಲ ಫಿಟ್ಟರ್ ವೆಂಟ್ ತೆರೆದು, ನಟ್ಟುಗಳನ್ನು ಪೂರ್ತಿ ತೆಗೆಯದೆ ತನ್ನಿಂದ ದೂರದ ಬದಿಯನ್ನು ಮೊದಲು ಸಡಿಲಿಸಿ, ಸಂದಿಯಿಂದ ಉಸಿರು ಹೋಗುವುದನ್ನು ಕೇಳಿಸಿಕೊಳ್ಳುತ್ತಾನೆ. ಗುತ್ತಿಗೆಯ ಮೇಲೆ ನಿನ್ನೆ ಸೇರಿದ ಹುಡುಗನಿಗೆ ಇದನ್ನು ಹೇಳಿಕೊಟ್ಟವರು ಯಾರು?

ಪರಿಹಾರವೇನೂ ಬ್ರಹ್ಮವಿದ್ಯೆಯಲ್ಲ. ಡೇವಿಟ್ ಎಂದು ಕರೆಯುವ ಬಾಗಿದ ಪೈಪಿನ ತೋಳು, ಅದು ತಿರುಗಲು ಒಂದು ಸ್ಲೀವು, ಮುಚ್ಚಳವನ್ನು ಹಿಡಿಯಲು ಐಬೋಲ್ಟು ಮತ್ತು ನಟ್ಟು, ಒಂದಿಷ್ಟು ಗ್ರೀಸು. ಭಾರವನ್ನು ತೋಳು ಹೊರುತ್ತದೆ, ನಟ್ಟು ತಿರುಗಿಸಿದರೆ ಮುಚ್ಚಳ ಕೂದಲೆಳೆಯಷ್ಟು ಮೇಲೆ ಕೆಳಗೆ ಆಗುತ್ತದೆ, ಒಬ್ಬನೇ ಒಂದು ಕೈಯಲ್ಲಿ ಬಾಗಿಲಿನಂತೆ ಸರಿಸುತ್ತಾನೆ. ಇಡೀ ಟ್ಯಾಂಕಿನ ಬೆಲೆಯ ಮುಂದೆ ಇದರ ಖರ್ಚು ಎಲೆ ತುದಿಯ ಉಪ್ಪು.

ಇದನ್ನು ಪಶ್ಚಿಮ ಬೆಂಗಳೂರಿಗೆ ಹೇಳಬೇಕಾಗಿ ಬಂದಿರುವುದೇ ನಾಚಿಕೆಗೇಡು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಿಂದ ಕಾಮಾಕ್ಷಿಪಾಳ್ಯ, ಪೀಣ್ಯ, ಕೆಂಗೇರಿಯಾಚೆಯ ಕುಂಬಳಗೋಡಿನವರೆಗೆ ಲೇತು, ವೆಲ್ಡಿಂಗಿನ ಸದ್ದಿನಲ್ಲೇ ಬೆಳೆದ ಊರಿದು. ಇಂಥ ತೋಳನ್ನು ಮಧ್ಯಾಹ್ನದ ಊಟದೊಳಗೆ ಮಾಡಿಕೊಡಬಲ್ಲ ಕೈಗಳು ಇಲ್ಲಿ ಬೀದಿಗೊಂದಿವೆ.

ಕಾನೂನು ಇರಲಿಲ್ಲವೇ? 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು, ಹೊರಿಸಬಾರದು, ಸರಿಸಲೂ ಹಚ್ಚಬಾರದು ಎಂದಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸು ವಯಸ್ಕ ಗಂಡಾಳಿಗೆ ಹೇಳಿದ ಮಿತಿ 55 ಕೆಜಿ. ಇಬ್ಬರು ಹಿಡಿದರೆ ನಮ್ಮ ಮುಚ್ಚಳ ತಲೆಗೆ ನೂರು ಕೆಜಿ. ನಾಲ್ವರನ್ನು ಕರೆಯೋಣವೆಂದರೆ ಅಟ್ಟಣಿಗೆಯ ಮೇಲೆ ನಿಲ್ಲಲು ಜಾಗವಿಲ್ಲ. ಇದರ ನಡುವೆ 2020ರ ಸುರಕ್ಷತಾ ಸಂಹಿತೆ, ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆ ಎನ್ನಲು ಬೇಕಾದ ಆಳುಗಳ ಸಂಖ್ಯೆಯನ್ನು 10ರಿಂದ 20ಕ್ಕೆ ಏರಿಸಿತು. ಹನ್ನೆರಡು ಜನರ ಶೆಡ್ಡಿನಲ್ಲಿ ಮುಚ್ಚಳವೇನು ಹಗುರವಾಗುತ್ತದೆಯೇ?

2021ರ ಆಗಸ್ಟ್‌ನಲ್ಲಿ ಮಾಗಡಿ ರಸ್ತೆಯ ಗೋಪಾಲಪುರದಲ್ಲಿ ತಿಂಡಿ ತಯಾರಿಸುವ ಘಟಕದ ಬಾಯ್ಲರ್ ಸಿಡಿದು ಕಾರ್ಮಿಕರು ಸತ್ತರು. ಸಾವು ಸಂಭವಿಸಿದರೆ ಸಚಿವರು, ಕ್ಯಾಮೆರಾ, ತನಿಖೆ ಎಲ್ಲವೂ ಬರುತ್ತವೆ. ಬೆರಳು ಹೋದರೆ ಇಎಸ್‌ಐ ಕಾರ್ಡು ಹಿಡಿದು ರಾಜಾಜಿನಗರದ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದಷ್ಟೇ.

ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ ಇಷ್ಟು ಕೆಲಸ ಮಾಡಲಿ. ಒಬ್ಬನ ಕೈಗೆ ಮೀರಿದ ಮುಚ್ಚಳವಿರುವ ಯಾವ ಹೊಸ ಟ್ಯಾಂಕಿಗೂ ತೋಳು ಅಥವಾ ಹಿಂಜ್ ಇಲ್ಲದೆ ತಪಾಸಣೆಯಲ್ಲಿ ಪಾಸು ಕೊಡಬಾರದು. ಹಳೆಯವಕ್ಕೆ ಗಡುವು ಹಾಕಿ ಅಳವಡಿಸಬೇಕು. ಆದರೆ ಎಚ್ಚರ: ಗಡುವಿಗೆ ಹೆದರಿದ ಮಾಲೀಕ ಬೀದಿಯ ವೆಲ್ಡರನ್ನು ಕರೆದು, ಹೈಡ್ರೋಟೆಸ್ಟ್ ಮುಗಿದ ಟ್ಯಾಂಕಿನ ಮೈಗೇ ತೋಳನ್ನು ಬೆಸೆಯಿಸಿದರೆ ಬೆರಳು ಉಳಿಸಲು ಹೋಗಿ ಟ್ಯಾಂಕನ್ನೇ ಸಿಡಿಸಿದಂತೆ. ಫ್ಲ್ಯಾಂಜಿನ ಬೋಲ್ಟುಗಳಿಗೇ ಬಿಗಿಯುವ ತೋಳುಗಳಿವೆ. ಹಳೆಯ ಟ್ಯಾಂಕುಗಳಿಗೆ ಅವೇ ಆಗಬೇಕು, ಅದೂ ಭಾರ ಹಾಕಿ ಪರೀಕ್ಷಿಸಿದ ಮೇಲೆ. ಮುಚ್ಚಳದ ತೂಕವನ್ನು ಅದರ ಮೇಲೆಯೇ ದಪ್ಪ ಅಕ್ಷರದಲ್ಲಿ ಪೇಂಟ್ ಮಾಡಿಸಲಿ. ಅದನ್ನು ಓದಿದ ಮೇಲೂ ಗಡಾರಿ ಕೊಟ್ಟು ಕಳಿಸುವ ಸೂಪರ್‌ವೈಸರನ ಮೇಲೆ, ಕಳಿಸಲು ಹೇಳಿದ ಮಾಲೀಕನ ಮೇಲೆ ಕೇಸು ಹಾಕಲಿ.