ನಿದಾನವೂ ನಿಧಾನವೂ

2025ರ ಮಳೆಗಾಲದಲ್ಲಿ, ಮೈಸೂರಿನಲ್ಲಿರುವ ನನ್ನ ಪರಿಚಯದ ಹಿರಿಯರೊಬ್ಬರಿಗೆ ಒಂದು ವಿಚಿತ್ರವಾದ ಸಾಕ್ಷ್ಯ ಹೇಳಬೇಕಾದ ಪ್ರಸಂಗ ಬಂದೊದಗಿತು. ಅವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಅವರ ಮಗಳು ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ ನೆಲೆಸಿ ಹದಿನೈದು ವರ್ಷವಾಯಿತು; ಆಕೆಗೆ ನಲವತ್ತು ದಾಟಿದೆ. ಒಂದು ಸಂಜೆ ಅಲ್ಲಿಯ ಖಾಸಗಿ ಮನೋವೈದ್ಯರೊಬ್ಬರು ಫೋನಿನ ಪರದೆಯ ಮೇಲೆ ಕಾಣಿಸಿಕೊಂಡು ಈ ತಾಯಿಯನ್ನು ಪ್ರಶ್ನಿಸತೊಡಗಿದರು. ನಿಮ್ಮ ಮಗಳು ಎಂಟು ವರ್ಷದವಳಿದ್ದಾಗ ವಸ್ತುಗಳನ್ನು ಕಳೆದುಕೊಂಡು ಬರುತ್ತಿದ್ದಳೆ? ಎದುರಿಗೆ ನಿಂತು ಆಡಿದ ಮಾತೂ ಕಿವಿಗೆ ಬೀಳದವಳಂತೆ ಇರುತ್ತಿದ್ದಳೆ? ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದಳೆ? ತನ್ನ ಸರದಿ ಬರುವವರೆಗೆ ಕಾಯುವುದು ಅವಳಿಗೆ ಕಷ್ಟವಾಗುತ್ತಿತ್ತೆ? ತಾಯಿಗೆ ಇಂಗ್ಲಿಷ್ ಓದಲು ಬರುತ್ತದೆ, ಆಡಿ ಅಭ್ಯಾಸವಿಲ್ಲ. ಆದಕಾರಣ ಪ್ರಶ್ನೆಯನ್ನು ಕನ್ನಡಕ್ಕೂ ಉತ್ತರವನ್ನು ಇಂಗ್ಲಿಷಿಗೂ ತಿರುಗಿಸುವ ಹೊಣೆ, ಪರೀಕ್ಷೆಗೆ ಒಳಗಾಗಿ ಕುಳಿತಿದ್ದ ಮಗಳ ಮೇಲೆಯೇ ಬಿದ್ದಿತು.

ಎಲ್ಲ ಪ್ರಶ್ನೆಗಳಿಗೂ ತಾಯಿ ಕೊಟ್ಟ ಉತ್ತರ ಒಂದೇ: ಅಂಥದೇನೂ ಇರಲಿಲ್ಲ. "ಹೆಣ್ಣು ನೋಡಲು ಬಂದವರಿಗೆ ಹೇಳಿದ ಹಾಗೆ ಹೇಳಿಬಿಟ್ಟೆ" ಎಂದು ಆಮೇಲೆ ಅವರೇ ನನ್ನೊಡನೆ ನಕ್ಕರು. ವೈದ್ಯರು ಬಯಸಿದ್ದ ಇನ್ನೊಂದು ದಾಖಲೆಯೆಂದರೆ ಬಾಲ್ಯದ ಶಾಲಾ ವರದಿ. ಇಂಗ್ಲೆಂಡಿನ ಶಾಲೆಗಳಲ್ಲಿ ಮಗುವಿನ ವಿಷಯವಾಗಿ ಉಪಾಧ್ಯಾಯರು ನಾಲ್ಕಾರು ವಾಕ್ಯ ಬರೆಯುವ ರೂಢಿಯುಂಟು: ಕಿಟಕಿಯ ಹೊರಗೆ ನೋಡುತ್ತ ಕೂಡುತ್ತಾಳೆ, ಬುದ್ಧಿಯುಂಟು ಆದರೆ ಶ್ರದ್ಧೆಯಿಲ್ಲ, ಇತ್ಯಾದಿ. ನಮ್ಮ ಕಡೆಯ ಅಂಕಪಟ್ಟಿಯಲ್ಲಿ ಅಂಕಗಳಿದ್ದವು. ಕೆಳಗೆ ‘ನಡತೆ: ಉತ್ತಮ’ ಎಂದಿತ್ತು. ಅದೇ ‘ಉತ್ತಮ’ವನ್ನು ತಾವೂ ನೂರಾರು ಮಕ್ಕಳಿಗೆ ತಲೆಯೆತ್ತದೆ ಬರೆದು ಕೊಟ್ಟದ್ದು ಆ ಉಪಾಧ್ಯಾಯಿನಿಯ ನೆನಪಿಗೆ ಬಂದಿತು.

ಎರಡು ದಿನ ಕಳೆದ ಮೇಲೆ ಉಳಿದದ್ದೂ ಒಂದೊಂದಾಗಿ ನೆನಪಾಗತೊಡಗಿತು. ಪ್ರತಿ ಮಳೆಗಾಲಕ್ಕೂ ಒಂದು ಹೊಸ ಛತ್ರಿ. ಚಪ್ಪಲಿ ಮೆಟ್ಟಿಕೊಂಡು ಹೋಗಿ ಬರಿಗಾಲಲ್ಲಿ ಮನೆಗೆ ಬಂದ ದಿನಗಳು. ಒಲೆಯ ಮೇಲೆ ಹಾಲಿದೆ, ನೋಡುತ್ತಿರು ಎಂದು ಹೇಳಿ ಹೋದರೆ, ಹುಡುಗಿ ನೋಡುತ್ತಲೇ ನಿಂತಿದ್ದಳು, ಹಾಲು ಉಕ್ಕಿ ಹರಿದಿತ್ತು. ಇಷ್ಟು ನೆನಪಾಗುವ ವೇಳೆಗೆ ವರದಿ ಬರೆದು ಮುಗಿದಿತ್ತು. ಎ.ಡಿ.ಎಚ್.ಡಿ. ಇದೆ ಎಂದೇ ಅದರ ತೀರ್ಮಾನ. ತಾಯಿಯ ‘ಇಲ್ಲ’ಗಳನ್ನೆಲ್ಲ ಅದು ಒಂದೇ ಸಾಲಿನಲ್ಲಿ ದಾಟಿಹೋಗಿತ್ತು.

ತೀರ್ಮಾನ ಸರಿಯೇ ಇರಬಹುದು. ಆದರೆ ಅದು ಸರಿಯೆಂದು ತಿಳಿದದ್ದು ಹೇಗೆ?

ಎ.ಡಿ.ಎಚ್.ಡಿ. ಎಂಬುದು ಗಮನವನ್ನು ಬೇಕಾದೆಡೆ ನಿಲ್ಲಿಸುವುದರಲ್ಲಿಯೂ, ಚಟುವಟಿಕೆಯನ್ನೂ ಆವೇಗವನ್ನೂ ಹತೋಟಿಯಲ್ಲಿಡುವುದರಲ್ಲಿಯೂ ಬಾಲ್ಯದಿಂದಲೇ ಇರುವ ತೊಡಕು. ಸ್ವಲೀನತೆ, ಅಂದರೆ ಆಟಿಸಂ, ಬೇರೆಯ ಸ್ಥಿತಿ: ಪರರೊಡನೆ ಬೆರೆಯುವ, ಮಾತು ಕೊಟ್ಟು ಮಾತು ಪಡೆಯುವ ರೀತಿಯಲ್ಲಿಯೇ ಭಿನ್ನತೆ. ಎರಡೂ ಒಬ್ಬರಲ್ಲಿಯೇ ಇರುವುದು ಅಪರೂಪವಲ್ಲ. ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿ ಎರಡನ್ನೂ ಒಟ್ಟಿಗೆ ಗುರುತಿಸಲು ಅವಕಾಶ ಕೊಟ್ಟದ್ದು 2013ರಲ್ಲಿ ಮಾತ್ರ. ರಕ್ತ ತೆಗೆದು ನೋಡಿಯೋ, ಮಿದುಳಿನ ಚಿತ್ರ ಹಿಡಿದೋ ಇವನ್ನು ನಿರ್ಣಯಿಸುವುದಕ್ಕಾಗುವುದಿಲ್ಲ. ಒಂದು ಜೀವನದ ಕಥೆಯನ್ನು ಕೇಳಬೇಕು, ಎದುರಿಗೆ ಕುಳಿತವರನ್ನು ನೋಡಬೇಕು, ಬೇರೆ ಬಾಯಿಂದ ಬಂದ ಕಥೆಯೊಡನೆ ಹೋಲಿಸಬೇಕು. ಎ.ಡಿ.ಎಚ್.ಡಿ. ಎನ್ನಬೇಕಾದರೆ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ತೋರಿರಬೇಕೆಂಬುದು ಆ ಕೈಪಿಡಿಯ ನಿಯಮ. ಮೈಸೂರಿನ ತಾಯಿಗೆ ಕರೆ ಬಂದುದು ಇದಕ್ಕಾಗಿಯೇ.

ಸ್ವಲೀನತೆಯ ಇತಿಹಾಸ ಮೊದಲಾಗುವುದೂ ಇಂಥ ಒಂದು ಕಥೆಯಿಂದಲೇ. ಬಾಲ್ಟಿಮೋರಿನ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ಕುರಿತು 1943ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಬರುವ ಮೊದಲನೆಯ ಬಾಲಕ ಡೊನಾಲ್ಡ್. ಆ ಹುಡುಗನನ್ನು 1938ರಲ್ಲಿ ಕರೆತರುವ ಮೊದಲು ಅವನ ತಂದೆ ಮಗನ ಆಟ, ಮಾತು, ಹಟ, ವಿಚಿತ್ರಗಳನ್ನೆಲ್ಲ ಬಿಡದೆ 33 ಪುಟಗಳ ಪತ್ರ ಬರೆಸಿ ಕಳಿಸಿದ್ದರು. ಅಷ್ಟು ಉದ್ದದ ಪತ್ರವನ್ನು ಬೇಸರಿಸದೆ ಓದಿದ ವೈದ್ಯನ ತಾಳ್ಮೆಯೂ ಶೋಧನೆಯಲ್ಲಿ ಒಂದು ಪಾಲೆಂದು ನನಗೆ ತೋರುತ್ತದೆ.

ಇಂಗ್ಲೆಂಡಿನಲ್ಲಿ ಈಗ ದುರ್ಲಭವಾಗಿರುವುದು ಆ ತಾಳ್ಮೆಗೆ ಬೇಕಾದ ಸಮಯ. ದುಡ್ಡಿಲ್ಲವೆಂದು ಯಾರಿಗೂ ವೈದ್ಯ ತಪ್ಪಬಾರದೆಂಬ ಸಂಕಲ್ಪದಿಂದ 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆ ಆ ದೇಶದ ಹೆಮ್ಮೆ. ನಮ್ಮ ನಾಡಿನಿಂದ ಹೋದ ಎಷ್ಟೋ ಮಂದಿ ವೈದ್ಯರು ಅದರಲ್ಲಿ ದುಡಿದಿದ್ದಾರೆ. ಸ್ವಲೀನತೆಯ ಪರೀಕ್ಷೆ ಮೂರು ತಿಂಗಳೊಳಗೆ ಮೊದಲಾಗಬೇಕೆಂದು ಅಲ್ಲಿಯ ಮಾರ್ಗದರ್ಶಕ ಸಂಸ್ಥೆಯೇ ವಿಧಿಸಿದೆ. ನಡೆಯುತ್ತಿರುವುದೇ ಬೇರೆ. 2025ರ ಮಾರ್ಚ್ ಅಂತ್ಯಕ್ಕೆ ಎ.ಡಿ.ಎಚ್.ಡಿ. ಪರೀಕ್ಷೆಗಾಗಿ ಕಾದಿರುವವರು 5,49,000ದಷ್ಟು ಇರಬಹುದೆಂದು ಆ ಸೇವೆಯೇ ಅಂದಾಜು ಪ್ರಕಟಿಸಿತು. ಸ್ವಲೀನತೆಯ ಪಟ್ಟಿಯಲ್ಲಿರುವವರು ಬೇರೆ ಎರಡು ಲಕ್ಷಕ್ಕೂ ಮೇಲೆ. ಎಷ್ಟೋ ಕಡೆ ಸರದಿ ವರ್ಷಗಳ ಲೆಕ್ಕಕ್ಕೆ ಹೋಗಿದೆ. ಸರದಿ ಕಾಯಲಾರದಿರುವುದೇ ಲಕ್ಷಣವಾದ ಸ್ಥಿತಿಗೆ ಇಂಥ ಸರದಿ!

ಇದೆಲ್ಲ ಈಚಿನ ಖಯಾಲಿ, ಹಿಂದೆ ಇಷ್ಟು ಜನಕ್ಕೆ ಇದೆಲ್ಲಿತ್ತು, ಎನ್ನುವವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ವಯಸ್ಕರಲ್ಲಿ ಎ.ಡಿ.ಎಚ್.ಡಿ. ಉಂಟೆಂದು ಒಪ್ಪಿ ಇಂಗ್ಲೆಂಡಿನಲ್ಲಿ ರಾಷ್ಟ್ರಮಟ್ಟದ ಮಾರ್ಗಸೂಚಿ ಹೊರಟದ್ದು 2008ರಲ್ಲಿ. ಗಲಾಟೆ ಮಾಡದೆ ಕನಸು ಕಾಣುತ್ತ ಕುಳಿತ ಹೆಣ್ಣುಮಕ್ಕಳು ಬಹುಕಾಲ ಯಾರ ಲೆಕ್ಕಕ್ಕೂ ಸೇರಿರಲಿಲ್ಲ. ಹೀಗೆ ಬಿಟ್ಟುಹೋದವರು ಈಗ ತಮ್ಮ ಮಕ್ಕಳ ವರದಿಯಲ್ಲಿ ತಮ್ಮನ್ನೇ ಕಂಡು ಬಾಗಿಲಿಗೆ ಬಂದಿದ್ದಾರೆ. ನಮ್ಮ ಉಪಾಧ್ಯಾಯಿನಿಯ ಮಗಳು ಬಂದುದೂ ಹಾಗೆಯೇ. ಗೀಳು ಹಿಡಿದು ಬಂದವರೂ ಕೆಲವರು ಇದ್ದಾರು. ಯಾರು ಯಾವ ಬಗೆಯವರೆಂದು ತಿಳಿಯುವುದಕ್ಕಾದರೂ ಕೂಡಿಸಿ ಕೇಳಲೇಬೇಕಷ್ಟೆ.

ಕಾಯಲಾರದವರಿಗೆ ಪೇಟೆ ತೆರೆದಿದೆ. ಸಾವಿರ ಪೌಂಡಿನ ಆಸುಪಾಸು, ಅಂದರೆ ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೆ ಮೀರಿ, ಕೊಟ್ಟರೆ ಕೆಲವು ವಾರಗಳಲ್ಲಿ ಪರೀಕ್ಷೆ. ಸ್ವಲೀನತೆಗಾದರೆ ಸಾಮಾನ್ಯವಾಗಿ ಇನ್ನೂ ಹೆಚ್ಚು. ಇವೆರಡರ ನಡುವೆ ಮೂರನೆಯದೊಂದು ದಾರಿಯೂ ಇದೆ. ಯಾವ ಸಂಸ್ಥೆಗೆ ಹೋಗಬೇಕೆಂದು ಆರಿಸಿಕೊಳ್ಳುವ ಹಕ್ಕನ್ನು ಇಂಗ್ಲೆಂಡಿನಲ್ಲಿ 2014ರಿಂದ ಮಾನಸಿಕ ಆರೋಗ್ಯಕ್ಕೂ ವಿಸ್ತರಿಸಿದ್ದಾರೆ. ಕುಟುಂಬ ವೈದ್ಯರಿಂದ ಪತ್ರ ಪಡೆದು ಸರಕಾರದೊಡನೆ ಒಪ್ಪಂದವಿರುವ ಖಾಸಗಿ ಸಂಸ್ಥೆಗೆ ಹೋದರೆ ವೆಚ್ಚ ಸರಕಾರದ್ದು. ಈ ದಾರಿ ತಿಳಿದವರು ಹೆಚ್ಚಾದಂತೆ ಅಲ್ಲಿಯೂ ಸಾಲು ಬೆಳೆಯಿತು. ತಿಳಿಯದವರು ಹಳೆಯ ಸಾಲಿನಲ್ಲಿಯೇ ನಿಂತಿದ್ದಾರೆ; ಅವರು ಬಹುಮಟ್ಟಿಗೆ ಬಡವರು, ಇಲ್ಲವೇ ಭಾಷೆ ಬಾರದವರು ಎಂದು ಬೇರೆ ಹೇಳಬೇಕಾಗಿಲ್ಲ.

ಖಾಸಗಿ ಪರೀಕ್ಷೆಯ ಮೇಲೆ ಸಂಶಯದ ನೆರಳು ಬಿದ್ದುದು 2023ರ ಮೇ ತಿಂಗಳಲ್ಲಿ. ಬಿ.ಬಿ.ಸಿ.ಯ ‘ಪನೋರಮಾ’ ಕಾರ್ಯಕ್ರಮದ ವರದಿಗಾರನೊಬ್ಬನನ್ನು ಸರಕಾರಿ ಸೇವೆಯ ತಜ್ಞರು ಮೂರು ಗಂಟೆಗೂ ಮಿಕ್ಕಿ ಪರೀಕ್ಷಿಸಿ, ಎ.ಡಿ.ಎಚ್.ಡಿ. ಇಲ್ಲವೆಂದರು. ಅದೇ ಮನುಷ್ಯನಿಗೆ ಮೂರು ಖಾಸಗಿ ಚಿಕಿತ್ಸಾಲಯಗಳು, ಅದಕ್ಕಿಂತ ಬಹಳ ಕಡಿಮೆ ಹೊತ್ತಿನ ವಿಡಿಯೋ ಸಂದರ್ಶನದಲ್ಲಿ, ಇದೆಯೆಂದುಬಿಟ್ಟವು. ದೊಡ್ಡ ಗದ್ದಲವಾಯಿತು. ರೋಗಿಗಳ ಸಂಘಗಳು ಕಾರ್ಯಕ್ರಮವನ್ನೇ ಖಂಡಿಸಿದವು: ಜನ ಖಾಸಗಿಯವರ ಬಳಿಗೆ ಏಕೆ ಓಡುತ್ತಿದ್ದಾರೆಂಬುದನ್ನು ಬಿಟ್ಟು, ಓಡಿದವರೆಲ್ಲ ಸುಳ್ಳರೆಂಬಂತೆ ತೋರಿಸಿದಿರಿ ಎಂದು. ಎರಡು ಕಡೆಯ ಮಾತಿನಲ್ಲಿಯೂ ಹುರುಳಿದೆ. ಒಬ್ಬನೇ ವರದಿಗಾರನ ಅನುಭವದಿಂದ ಇಡೀ ಖಾಸಗಿ ವೈದ್ಯವೃತ್ತಿಯನ್ನು ಅಳೆಯಲಾಗದು. ಸರಕಾರಿ ಸೇವೆಯಲ್ಲಿ ದುಡಿಯುವ ವೈದ್ಯರೇ ಸಂಜೆ ಖಾಸಗಿಯಾಗಿ ನೋಡುವುದೂ ಉಂಟು. ಆದರೆ ‘ಇಲ್ಲ’ ಎಂಬ ಉತ್ತರಕ್ಕಾಗಿ ಸಾವಿರ ಪೌಂಡು ಕೊಟ್ಟು ಸಂತೋಷಪಡುವ ಗಿರಾಕಿ ಯಾರೂ ಇಲ್ಲ, ಈ ಮಾತು ವ್ಯಾಪಾರಿಗೂ ತಿಳಿದಿರುತ್ತದೆ.

ನಮ್ಮ ಹಳೆಯ ವೈದ್ಯಶಾಸ್ತ್ರದಲ್ಲಿ ರೋಗದ ಮೂಲವನ್ನು ಅರಸುವುದಕ್ಕೆ ‘ನಿದಾನ’ವೆಂದು ಹೆಸರು, ಚರಕ ಸಂಹಿತೆಯಲ್ಲಿ ನಿದಾನಸ್ಥಾನವೆಂದೇ ಒಂದು ಭಾಗವಿದೆ. ಕನ್ನಡಿಗರ ಬಾಯಲ್ಲಿ ದಕಾರ ಮಹಾಪ್ರಾಣವಾದರೆ ಅರ್ಥ ಬೇರೆ. ಪದಗಳ ಈ ಸಾಮೀಪ್ಯ ಆಕಸ್ಮಿಕವೇ ಸರಿ, ಆದರೂ ಈ ಪ್ರಕರಣಕ್ಕೆ ಒದಗಿಬರುತ್ತದೆ. ನಿಧಾನದಲ್ಲಿ ಎರಡು ಬಗೆ. ಬಾಗಿಲ ಹೊರಗೆ ನಿಲ್ಲಿಸುವ ನಿಧಾನ ಒಂದು. ಒಳಗೆ ಕೂಡಿಸಿಕೊಂಡು ಕೇಳುವ ನಿಧಾನ ಇನ್ನೊಂದು. ಸರಕಾರಿ ಸೇವೆಯಲ್ಲಿ ಎರಡನೆಯದು ಇದೆ, ಆದರೆ ಅದನ್ನು ತಲಪುವ ಹೊತ್ತಿಗೆ ಮಗು ಪ್ರಾಥಮಿಕ ಶಾಲೆಯನ್ನೇ ಮುಗಿಸಿರುತ್ತದೆ. ಪೇಟೆ ಮೊದಲನೆಯದನ್ನು ತೆಗೆಯುತ್ತೇನೆಂದು ಹಣ ಪಡೆಯುತ್ತದೆ. ಕೆಟ್ಟ ಅಂಗಡಿಗಳಲ್ಲಿ ಎರಡನೆಯದೂ ಅದರ ಜೊತೆಗೇ ಹೋಗುತ್ತದೆ. ಮೈಸೂರಿನ ತಾಯಿಗೆ ಬೇಕಾಗಿದ್ದುದು ಇನ್ನೆರಡು ದಿನ, ಮತ್ತು ಮಗಳಲ್ಲದ ಒಬ್ಬ ದುಭಾಷಿ.

ವರದಿ ಕೈಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎ.ಡಿ.ಎಚ್.ಡಿ.ಗೆ ಕೊಡುವ ಔಷಧಿಗಳಲ್ಲಿ ಮುಖ್ಯವಾದವು ಕಾನೂನಿನ ಬಿಗಿ ಹತೋಟಿಯಲ್ಲಿರುವಂಥವು. ಪ್ರಮಾಣವನ್ನು ವಾರವಾರ ಹೊಂದಿಸುತ್ತ, ರಕ್ತದೊತ್ತಡ, ನಾಡಿ ನೋಡುತ್ತ ಹೋಗಬೇಕು. ಅದು ಸ್ಥಿರವಾದ ಮೇಲೆ ಕುಟುಂಬ ವೈದ್ಯರು ಚೀಟಿ ಬರೆಯುವ ಹೊಣೆ ಹೊತ್ತುಕೊಳ್ಳಬಹುದು. ಹೊತ್ತುಕೊಳ್ಳಲೇಬೇಕೆಂಬ ಕಟ್ಟಳೆಯಿಲ್ಲ. ಖಾಸಗಿ ವರದಿಯ ಗುಣವನ್ನು ನಾವು ಹೇಗೆ ನಂಬೋಣ, ಈ ಕೆಲಸಕ್ಕೆ ನಮಗೆ ಹಣ ಕೊಡುವವರಾರು, ಎಂದು ಕೇಳಿ ನಿರಾಕರಿಸುವ ವೈದ್ಯರು ಹಲವರು. ಈ ಮಗಳಿಗೆ ಆದುದೂ ಅದೇ. ಸರಕಾರಿ ದಾರಿಯಲ್ಲಿ ಬಂದಿದ್ದರೆ 2025ರಲ್ಲಿ ಒಂದು ಚೀಟಿಗೆ 9 ಪೌಂಡು 90 ಪೆನ್ಸ್. ಆಕೆ ಪ್ರತಿ ತಿಂಗಳೂ ತೆರುವುದು ನೂರು ಪೌಂಡಿನ ಸಮೀಪ. ಸಾಲು ದಾಟಿಸುವ ಟಿಕೆಟ್ಟನ್ನು ಆಕೆ ಕೊಂಡಳು. ಅದು ಮುಂದಿನ ನಿಲ್ದಾಣದವರೆಗೆ ಮಾತ್ರ ಎಂದು ಆಮೇಲೆ ತಿಳಿಯಿತು.

ಇಷ್ಟಾಗಿ, ಬಹುಪಾಲು ನೆರವಿಗೆ ಈ ಕಾಗದ ಬೇಕೇ ಇಲ್ಲವೆನ್ನುತ್ತದೆ ಅಲ್ಲಿಯ ಕಾಯಿದೆ. 2010ರ ಸಮಾನತಾ ಕಾಯಿದೆ ನೋಡುವುದು ರೋಗದ ಹೆಸರನ್ನಲ್ಲ, ದಿನದ ಬದುಕಿಗೆ ಆಗುವ ದೀರ್ಘಕಾಲದ ಅಡ್ಡಿಯನ್ನು. ಶಾಲೆಯ ಮಗುವಿಗೆ ವಿಶೇಷ ನೆರವಿನ ಯೋಜನೆ ಮಾಡಲು 2014ರ ಕಾಯಿದೆಯಾದರೂ ನಿದಾನಪತ್ರವನ್ನು ವಿಧಿಸಿಲ್ಲ. ಆದರೆ ಕಾಗದವಿಲ್ಲದ ತಾಯಿ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಎಷ್ಟು ಹೊತ್ತು ಕೂತು ಬರಬೇಕಾಗುತ್ತದೆಂದು ತಾಯಂದಿರನ್ನೇ ಕೇಳಬೇಕು. ಕಾರ್ಡಿಫಿನ ಪ್ರೊಫೆಸರ್ ಅನಿತಾ ಥಾಪರ್ ಅವರ ಅಧ್ಯಕ್ಷತೆಯ ಕಾರ್ಯಪಡೆ 2025ರ ಜೂನ್‌ನಲ್ಲಿ ಕೊಟ್ಟ ಮಧ್ಯಂತರ ವರದಿಯಲ್ಲಿ ಒತ್ತಿ ಹೇಳಿರುವುದೂ ಇದನ್ನೇ: ನೆರವು ಪರೀಕ್ಷೆಯ ಫಲಕ್ಕಾಗಿ ಕಾಯಬಾರದು, ಶಾಲೆ ಮೊದಲಾದ ಕಡೆಗಳಲ್ಲಿ ಬೇಗನೆ ದೊರೆಯಬೇಕು. ನನಗೆ ಈ ಸಲಹೆಯೇ ಎಲ್ಲಕ್ಕಿಂತ ಸಾರವತ್ತಾಗಿ ಕಾಣುತ್ತದೆ. ಹಾಲು ಉಕ್ಕಿಸುವ ಹುಡುಗಿಯ ಪಕ್ಕದಲ್ಲಿ ಒಬ್ಬರು ನಿಲ್ಲುವುದಕ್ಕೆ ಮನೋವೈದ್ಯರ ಮೊಹರು ಏತಕ್ಕೆ? ಔಷಧಿಗೆ ಬೇಕು, ನಿಜ, ಉಳಿದದ್ದಕ್ಕೆ ಬೇಡ. ಸರಕಾರವಾದರೋ 2025ರ ಡಿಸೆಂಬರಿನಲ್ಲಿ ಇನ್ನೊಂದು ಸ್ವತಂತ್ರ ಪರಿಶೀಲನೆಯನ್ನು, ಪೀಟರ್ ಫೊನಗಿಯವರ ಅಧ್ಯಕ್ಷತೆಯಲ್ಲಿ, ಸಾರಿತು. ಬೇಡಿಕೆ ಏಕೆ ಏರಿತೆಂಬುದು ಅದರ ವಿಚಾರ.

ಮಗನ ಸರದಿ ಬಂದಾಗ ಆ ಮನೆಯವರು, ರಜೆಗೆ ಬೆಂಗಳೂರಿಗೆ ಬಂದು ಕಡಿಮೆ ಖರ್ಚಿನಲ್ಲಿ ಪರೀಕ್ಷೆ ಮಾಡಿಸಿಕೊಂಡು ಹೋಗೋಣವೆಂದು ಯೋಚಿಸಿದ್ದುಂಟು. ಊರಿನ ವೈದ್ಯರ ಖಾಸಗಿ ವರದಿಗೇ ತಲೆಯಲ್ಲಾಡಿಸುವವರು ಬೆಂಗಳೂರಿನ ವರದಿಗೆ ಏನೆನ್ನುತ್ತಾರೋ ಎಂದು ಸುಮ್ಮನಾದರು. ನಮ್ಮಲ್ಲಿಯೂ ಕಾಗದಕ್ಕೆ ಎರಡು ಬೆಲೆ ಇದೆಯೆಂಬುದನ್ನು ಇಲ್ಲಿ ಮರೆಯಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಸ್ವಲೀನತೆ ಸೇರಿದೆ, ಎ.ಡಿ.ಎಚ್.ಡಿ. ಹೆಸರು ಅದರಲ್ಲಿಲ್ಲ. ಸ್ವಲೀನತೆಯ ಮಗುವನ್ನು ತಂದೆತಾಯಿಗಳು ಖಾಸಗಿಯಾಗಿ ಎಷ್ಟು ವಿವರವಾಗಿ ಪರೀಕ್ಷೆ ಮಾಡಿಸಿದ್ದರೂ, ಪ್ರಮಾಣಪತ್ರ ಬೇಕೆಂದರೆ ಸರಕಾರ ಗೊತ್ತುಮಾಡಿದ ವೈದ್ಯರ ಮುಂದೆ ಮತ್ತೆ ಕೂಡಿಸಬೇಕು. ಅಪರಿಚಿತ ಕೊಠಡಿ, ಅಪರಿಚಿತ ಮುಖಗಳು ಆ ಮಗುವಿಗೆ ಎಂಥ ಹಿಂಸೆಯೆಂದು ಗೊತ್ತಿದ್ದರೂ.

ಉಪಾಧ್ಯಾಯಿನಿಯ ಮಗಳು ಖಾಸಗಿಯಾಗಿ ಹೋದ ಮೇಲೂ ಸರಕಾರಿ ಪಟ್ಟಿಯಿಂದ ತನ್ನ ಹೆಸರನ್ನು ತೆಗೆಸಿರಲಿಲ್ಲ. ಮೊನ್ನೆ ಅಲ್ಲಿಂದ ಒಂದು ಪತ್ರ ಬಂದಿತಂತೆ: ತಾವು ಇನ್ನೂ ಕಾಯಲು ಇಚ್ಛಿಸುವಿರಾ, ದಯವಿಟ್ಟು ನಿಗದಿಯಾದ ದಿನದೊಳಗೆ ತಿಳಿಸಿ, ಇಲ್ಲವಾದರೆ ಹೆಸರನ್ನು ಕೈಬಿಡಲಾಗುವುದು. ಆಕೆ ಪತ್ರವನ್ನು ಎಲ್ಲಿಯೋ ಇಟ್ಟು ಮರೆತಳು. ಗಡುವಿಗೆ ಎರಡು ದಿನವಿರುವಾಗ ಮೈಸೂರಿನಿಂದ ತಾಯಿ ಫೋನು ಮಾಡಿ ನೆನಪಿಸಿದರು. ಕಾಯುತ್ತೇನೆಂದು ಬರೆದು ಹಾಕಿದ್ದಾಳೆ. ಛತ್ರಿಯ ವಿಷಯ, ಹಾಲಿನ ವಿಷಯ ಎಲ್ಲವನ್ನೂ ತಾಯಿ ಈಗಲೇ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ, ಹನ್ನೊಂದು ಪುಟವಾಗಿದೆಯಂತೆ.