ಪುಸ್ತಕದಾಗಿನ ಈರುಳ್ಳಿ, ಮನೆಯಾಗಿನ ಉಳ್ಳಾಗಡ್ಡಿ

ಎರಡು ವರ್ಷದ ಮಗುವಿಗೆ ಪುಸ್ತಕ ಅಂದ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ಒಂದು, "ಹರಿದು ಹಾಕ್ತದಲ್ಲ?" ಎರಡು, "ಕನ್ನಡದಾಗ ಚಿತ್ರದ ಪುಸ್ತಕ ನಮ್ ಊರಾಗ ಎಲ್ಲಿ ಸಿಗ್ತಾವ?"

ಮೊದಲನೆಯದಕ್ಕೆ ನನ್ನ ಉತ್ತರ: ಹರೀಲಿ ಬಿಡಿ. ಹರಿದ ಪುಟವನ್ನು ಮಗುವಿನ ಎದುರಿಗೇ ಟೇಪ್ ಹಚ್ಚಿ ಜೋಡಿಸೋದೂ ಒಂದು ಆಟವೇ. ಎರಡನೆಯದಕ್ಕೆ ಅಂಗಡಿ ಹುಡುಕುತ್ತ ಕೂರಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ. ಡೌನ್‌ಲೋಡ್ ಮಾಡಬಹುದು, ಪ್ರಿಂಟ್ ಹಾಕಿಸಬಹುದು, ಯಾರೂ ಬೇಡ ಅನ್ನಲ್ಲ. ಆ ಲೈಸೆನ್ಸ್ ಇರೋದೇ ಹಾಗೆ. ಬೀದರ್ ಜಿಲ್ಲೆಯವರಿಗೆ ಇನ್ನೊಂದು ಲಾಭ ಇದೆ. ಬಹಳಷ್ಟು ಕತೆಗಳು ಅದೇ ಚಿತ್ರಗಳ ಜತೆ ಕನ್ನಡ, ಮರಾಠಿ, ಉರ್ದು, ತೆಲುಗು, ಹೀಗೆ ಬೇರೆ ಬೇರೆ ಭಾಷೆಗಳಲ್ಲಿ ಇವೆ.

ಇದು ಯಾಕೆ ದೊಡ್ಡ ಮಾತು ಅಂದ್ರೆ, ನಮ್ಮ ಮನೆಯ ಲೆಕ್ಕ ನೋಡಿ. ನಾವಿಬ್ಬರೂ ಬೀದರ್‌ನಲ್ಲಿ ಕೆಲಸಕ್ಕೆ ಹೋಗ್ತೀವಿ. ವಾರದಲ್ಲಿ ಐದು ದಿನ ಮಗಳು ನಮ್ಮ ಅತ್ತೆಯ ಜತೆ. ಅವರು ಔರಾದ ತಾಲೂಕಿನವರು, ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ರಾಶಿ ಟೈಮಿನಾಗ ಅವರು ಹೊಲಕ್ಕೆ ಹೋದರೆ ಭಾಲ್ಕಿಯಿಂದ ನಮ್ಮ ಅವ್ವ ಬರ್ತಾಳೆ. ಮಗಳಿಗೆ ಇಬ್ಬರೂ ಆಯಿನೇ, ಒಬ್ಬರು ಔರಾದ ಆಯಿ, ಒಬ್ಬರು ಭಾಲ್ಕಿ ಆಯಿ. ಓಣಿಯ ಮಕ್ಕಳು ಆಡೋದು ದಖನಿ. ಇದರ ಮೇಲೆ ಪ್ಲೇಸ್ಕೂಲಿನವರು ಕೇಳೋದು ಎ ಫಾರ್ ಆ್ಯಪಲ್.

ಇನ್ನು ಪುಸ್ತಕ "ಓದೋ" ವಿಷಯ. ಈ ವಯಸ್ಸಿಗೆ ಓದಬೇಡಿ, ಮಾತಾಡಿ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜತೆಗಾರರು ಎರಡು ವರ್ಷದ ಆಸುಪಾಸಿನ ಮಕ್ಕಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಒಂದಿಷ್ಟು ಪೋಷಕರಿಗೆ ಅವರು ಹೇಳಿಕೊಟ್ಟದ್ದು ಇಷ್ಟೇ: ಗಡಗಡ ಓದಿ ಮುಗಿಸಬೇಡಿ, ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಇನ್ನೊಂದೆರಡು ಪದ ಸೇರಿಸಿ ತಿರುಗಿ ಹೇಳಿ. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಮುಂದೆ ಹೋಗಿದ್ದರು.

ಮನೆಯಲ್ಲಿ ಇದು ಹೀಗೆ ನಡೀತದೆ. ಮಗಳು ಚಿತ್ರದ ಮೇಲೆ ಬೆರಳಿಟ್ಟು "ಭೌ" ಅಂತಾಳೆ. ನಾನು, "ಹೌದವ್ವ, ಕರಿ ನಾಯಿ. ಏನ್ ಮಾಡ್ಲತ್ತದ?" ಆಮೇಲೆ ಸುಮ್ಮನಿರಬೇಕು. ಕಷ್ಟದ ಕೆಲಸ ಇದೇ. ಮನಸ್ಸಿನಲ್ಲಿ ಐದು ಎಣಿಸಿ. ಆಫೀಸಿನಿಂದ ಬಂದ ನಮಗೆ ಐದು ಸೆಕೆಂಡ್ ತಡೆಯೋದು ಆಗಲ್ಲ, ಉತ್ತರ ನಾವೇ ಹೇಳಿಬಿಡ್ತೀವಿ. ಕಾದರೆ "ಓಡ್" ಅಂತ ಬರ್ತದೆ. "ಹಾಂ, ನಾಯಿ ಓಡ್ಲತ್ತದ." ಅಷ್ಟು ಸಾಕು. ಒಂದು ಪುಟಕ್ಕೇ ಹತ್ತು ನಿಮಿಷ ಹೋದರೂ ಹೋಗಲಿ.

ಕನ್ನಡ ಪುಸ್ತಕ ಸಿಕ್ಕಮೇಲೂ ಒಂದು ತೊಡಕು ಉಳೀತದೆ. ಅದರಲ್ಲಿ ಇರೋದು ಈರುಳ್ಳಿ, ಸೀಬೆಹಣ್ಣು, ಕಡಲೆಕಾಯಿ, ಚಿಟ್ಟೆ. ನಮ್ಮ ಮನೆಯಾಗ ಇರೋದು ಉಳ್ಳಾಗಡ್ಡಿ, ಪೇರಲ, ಶೇಂಗಾ, ಪಾತರಗಿತ್ತಿ. ಕೆಲವು ತಂದೆತಾಯಿ ಪುಸ್ತಕದ ಪದವೇ "ಶುದ್ಧ" ಅಂತ ತಿಳಿದು ಮಗುವನ್ನ ತಿದ್ದುತ್ತಾರೆ. ನನಗೆ ಇದು ಸುತಾರಾಂ ಒಪ್ಪಿಗೆ ಇಲ್ಲ. ಅಡಿಗಿಮನಿಯೊಳಗೆ ದಿನಾ ಕೇಳೋ ಪದ ಮೊದಲು, ಪುಸ್ತಕದ್ದು ಆಮೇಲೆ. ಆ ಪುಟ ತೆಗೆದು, "ಉಳ್ಳಾಗಡ್ಡಿ ತಗೊಂಡ್ ಬಾ" ಅಂತ ಬುಟ್ಟಿಗೆ ಕಳಿಸಿ. ತಂದು ಚಿತ್ರದ ಪಕ್ಕ ಇಡಲಿ, ಮೂಸಲಿ, ಸಿಪ್ಪೆ ಸುಲಿಯಲಿ. ಸರಸರ ಸದ್ದು ಬಂದರೆ ನಗು. ಇದಕ್ಕಿಂತ ಒಳ್ಳೆ ಫ್ಲ್ಯಾಶ್‌ಕಾರ್ಡ್ ನಾನು ಕಂಡಿಲ್ಲ. ಇದನ್ನ ಬೆಂಗಳೂರಿನಾಗ ಈರುಳ್ಳಿ ಅಂತಾರೆ ಅಂತ ತಿಳಿಯಲಿಕ್ಕೆ ಬೇಕಾದಷ್ಟು ಟೈಮ್ ಇದೆ.

ನಮ್ಮ ಮನೆಯಲ್ಲಿ ನಿಜವಾದ ಗಂಟು ಇದ್ದದ್ದು ಬೇರೆ ಕಡೆ. ಅತ್ತೆ ಶಾಲೆಗೆ ಹೋದವರಲ್ಲ. ಪುಸ್ತಕ ಕೈಗೆ ಕೊಟ್ಟರೆ "ನಂಗ ಅಕ್ಷರ ಬರಲ್ಲ ಯವ್ವಾ, ನೀನೇ ಬಂದ್ ಓದು" ಅಂತ ಪಕ್ಕಕ್ಕಿಡೋರು. ದಿನಕ್ಕೆ ಎಂಟೊಂಬತ್ತು ತಾಸು ಮಗು ಅವರ ಜತೆ. ಪುಸ್ತಕ ಅವರದ್ದಲ್ಲ ಅಂತಾದರೆ ಉಳಿಯೋದು ಫೋನ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಒಂದು ವರ್ಷದ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ, ಎರಡು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಹೇಳೋದು ಸುಲಭ. ಇಡೀ ದಿನ ಮಗುವಿನ ಹಿಂದೆ ಓಡೋ ಅರವತ್ತು ದಾಟಿದ ಹೆಂಗಸಿಗೆ ಕೈಯಲ್ಲಿ ಕೊಡಲಿಕ್ಕೆ ಬೇರೆ ಏನಾದರೂ ಬೇಕಲ್ಲ?

ಹಂಗಾಗಿ ಅಕ್ಷರವೇ ಇಲ್ಲದ, ಇದ್ದರೂ ಒಂದೆರಡು ಸಾಲಿನ ಪುಸ್ತಕ ಹುಡುಕಿ ಪ್ರಿಂಟ್ ಹಾಕಿಸಿದೆ. ಒಂದರಲ್ಲಿ ಬಾವಿ, ಆಡು, ಕೋಳಿ, ಚಕ್ಕಡಿ ಇದ್ದವು. "ಇದರಾಗ ಓದೋದೇನೂ ಇಲ್ಲ ಅತ್ತಿ, ಏನ್ ಕಾಣ್ತದ ಅದನ್ನೇ ಹೇಳ್ರಿ" ಅಂದೆ. ಮೂರನೇ ದಿನ ನಾನು ಕೆಲಸದಿಂದ ಬಂದಾಗ ಒಳಗಿಂದ ಕತೆ ಕೇಳಿಸ್ತಿತ್ತು. ಆಡು ಬಾವಿಗೆ ಬಗ್ಗಿ ನೋಡಿದ್ದು, ಕೋಳಿ ಅದಕ್ಕೆ ಮರಾಠಿಯಲ್ಲಿ ಬೈದದ್ದು, ಕಡೆಗೆ ಮುತ್ಯಾ ಹಗ್ಗ ತಂದು ಎಳೆದದ್ದು. ಪುಸ್ತಕ ಬರೆದವರಿಗೂ ಗೊತ್ತಿರದ ಕತೆ. ಮಗಳು ಬಾಯಿ ತೆರೆದು ಕೂತಿದ್ದಳು.

ಈ ಜಿಲ್ಲೆಯಲ್ಲಿ ಅಕ್ಷರದ ಕತೆ ಮೊದಲಿನಿಂದಲೂ ಸರಳ ಇಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನ ಇಲ್ಲಿ ಎಲ್ಲರೂ ಹೇಳ್ತಾರೆ. ನಮ್ಮ ಹಿಂದಿನವರಲ್ಲಿ ಉರ್ದು ಓದಿದವರಿದ್ದಾರೆ, ಮರಾಠಿ ಓದಿದವರಿದ್ದಾರೆ, ಯಾವುದೂ ಓದದವರೂ ಇದ್ದಾರೆ. ಮಗುವಿಗೆ ಪುಸ್ತಕ ತೋರಿಸೋ ಹಕ್ಕು ಕನ್ನಡ ಓದಬಲ್ಲವರಿಗೆ ಮಾತ್ರ ಅಂದರೆ ಅರ್ಧ ಮನೆಯೇ ಹೊರಗೆ ಉಳೀತದೆ.

"ಮೂರು ಭಾಷೆ ಕಲಸಿದ್ರೆ ಮಗು ಲೇಟಾಗಿ ಮಾತಾಡ್ತದ" ಅಂತ ಪಕ್ಕದ ಮನೆಯವರು ಹೆದರಿಸಬಹುದು. ಪದ ಎಣಿಸುವಾಗ ಎಲ್ಲ ಭಾಷೆಯವನ್ನೂ ಕೂಡಿಸಿ ಎಣಿಸಿ. "ಪಾಣಿ"ಯೂ ಪದವೇ, "ನೀರು" ಕೂಡ ಪದವೇ. ಎರಡು ವರ್ಷ ತುಂಬಿದರೂ ಒಟ್ಟು ಐವತ್ತು ಪದ ಆಗಿಲ್ಲ, ಎರಡು ಪದ ಜೋಡಿಸ್ತಿಲ್ಲ ಅಂದರೆ ಭಾಷೆಯನ್ನ ದೂರಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ ಕಿವಿ ಪರೀಕ್ಷೆ ಮಾಡಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನ ನೋಡ್ತದೆ. ನಿಮ್ಮ ಅಂಗನವಾಡಿ ಟೀಚರ್‌ಗೆ ದಿನ ಕೇಳಿಟ್ಟುಕೊಳ್ಳಿ.

ಶನಿವಾರ ಔರಾದಕ್ಕೆ ಹೋದಾಗ ಪುಸ್ತಕವೂ ಬ್ಯಾಗಿನಲ್ಲಿ. ಎರಿಕ್ ಕಾರ್ಲ್ 1969ರಲ್ಲಿ ಬರೆದ ಹಸಿದ ಕಂಬಳಿಹುಳದ ಪುಸ್ತಕ ಗೊತ್ತಲ್ಲ? ಹುಳ ತಿಂದ ಕಡೆ ಪುಟದಲ್ಲಿ ತೂತು ಇರ್ತದೆ, ಬೆರಳು ತೂರಿಸಬಹುದು. ಅದರ ಹಳ್ಳಿ ಆವೃತ್ತಿಗೆ ಜೋಳದ ರೊಟ್ಟಿ ಸಾಕು. ನಡುವೆ ತೂತು ಮಾಡಿ, ಮಗುವಿನ ಬೆರಳೇ ಹುಳ. ರೊಟ್ಟಿ ಆಯ್ತು, ಪಾಲಕಿನ ಎಲೆ ಆಯ್ತು, ಬಾಳೆಹಣ್ಣಿನ ಹೋಳು ಆಯ್ತು. ಒಂದು, ಎರಡು, ಮೂರು ಎಣಿಕೆಯೂ ಆಯ್ತು, ಊಟವೂ ಆಯ್ತು. ನಮ್ಮ ಮಾವನವರಿಗೆ ಮಾತ್ರ ಈ ಕತೆ ಹಿಡಿಸಲಿಲ್ಲ. ತೊಗರಿಗೆ ಕಾಯಿಕೊರಕ ಬಿದ್ದು ಹೈರಾಣಾದ ಮನುಷ್ಯ. ಹುಳವೇ ಹೀರೋ ಆದರೆ ಹ್ಯಾಂಗ? "ಇದಕ್ಕ ಔಷಧ ಹೊಡೀಬೇಕಲ್ಲ!" ಅಂದರು. ಈಗ ನಮ್ಮನೇಲಿ ಹುಳ ಬಂದ ಪುಟಕ್ಕೆ ಮಗಳು "ಮುತ್ಯಾ, ಪುಸ್ ಪುಸ್" ಅಂತ ಪಂಪ್ ಹೊಡೀತಾಳೆ.

ಹಸುವಿನ ಪುಟಕ್ಕೆ ಮುತ್ಯಾನ ಕೊಟ್ಟಿಗೆಯೇ ಬೇಕು. ದೇವಣಿ ತಳಿ ನಮ್ಮ ಭಾಗದ್ದು. ಅದರಲ್ಲೂ ಮೂರು ಬಗೆ: ಮುಖ ಅಷ್ಟೋ ಇಷ್ಟೋ ಕಪ್ಪಿರೋ ವಾನೆರಾ, ಮೈಯ ಕೆಳಭಾಗದಲ್ಲಿ ಮಾತ್ರ ಚುಕ್ಕೆಯ ಬಾಳಂಕ್ಯಾ, ಮೈತುಂಬ ಅಡ್ಡಾದಿಡ್ಡಿ ಕಪ್ಪು ಮಚ್ಚೆಯ ಶೇವೆರಾ. ದೊಡ್ಡ ಹಾಳೆಯಲ್ಲಿ ಆಕಳ ಚಿತ್ರ ಬರೀ ಗೆರೆಯಲ್ಲಿ ಬರೆದು, ಇದ್ದಿಲ ಪುಡಿಗೆ ನೀರು ಕಲಸಿ ಕೊಡಿ. ಮಗು ಹೆಬ್ಬೆಟ್ಟು ಒತ್ತಲಿ. ಆಮೇಲೆ ಹಾಳೆ ಹಿಡಿದು ಕೊಟ್ಟಿಗೆಗೆ ಹೋಗಿ, "ನಿನ್ ಆಕಳ ಯಾವುದು?" ಗೋಡೆಗೂ ಅಂಗಿಗೂ ಒಂದಿಷ್ಟು ಮಚ್ಚೆ ಬೀಳ್ತಾವ, ಅದನ್ನ ಬಟ್ಟೆ ಒಗೆಯೋರ ಜತೆ ಮೊದಲೇ ಮಾತಾಡಿಕೊಳ್ಳಿ.

ಒಂದು ಮಾತ್ರ ಮಾಡಬೇಡಿ. ರೀಲ್ಸ್‌ನಲ್ಲಿ ಕಾಳು ಬೇರ್ಪಡಿಸೋ ಆಟ ಬಹಳ ತೋರಿಸ್ತಾರೆ. ತೊಗರಿ, ಉದ್ದು, ಹೆಸರು ಬೆಳೆಯೋ ನಮ್ಮ ಕಡೆ ಕಾಳಿಗೆ ಬರ ಇಲ್ಲ, ಮನಸ್ಸಾಗ್ತದೆ. ಮೂರು ವರ್ಷದ ಒಳಗಿನ ಮಕ್ಕಳಿಗೆ ಬಿಡಿ ಕಾಳು ಬೇಡ. ಮೂಗಿಗೂ ಹೋಗ್ತದೆ, ಗಂಟಲಿಗೂ ಹೋಗ್ತದೆ. ಖಾಲಿ ಬಾಟಲಿಗೆ ಹಾಕಿ ಮುಚ್ಚಳ ಗಟ್ಟಿಯಾಗಿ ತಿರುಗಿಸಿ ಟೇಪ್ ಸುತ್ತಿ. ಮಳೆ ಬರೋ ಪುಟಕ್ಕೆ ಅಲುಗಾಡಿಸಿದರೆ ಮಳೆಯ ಸದ್ದು.

ಬೀದರ್ ಸಿಟಿಯವರಿಗೆ ಒಂದು ಪುಟ ಪುಕ್ಕಟೆ. ವಾಯುಪಡೆ ಕೇಂದ್ರದ ವಿಮಾನ ತಲೆ ಮೇಲೆ ಹೋದಾಗ ಪುಸ್ತಕ ಬಿಟ್ಟು ಮಾಳಿಗೆಗೆ ಓಡಿ, ನೋಡಿ ಬಂದು ವಿಮಾನದ ಪುಟ ತೆಗೆಯಿರಿ. ಸೂರ್ಯಕಿರಣ ತಂಡದ ನೆಲೆಯೂ ಇಲ್ಲೇ, ಅದೃಷ್ಟ ಇದ್ದರೆ ಸಾಲಾಗಿ ಕಾಣ್ತಾವ.

ಪ್ರಿಂಟ್ ಹಾಕಿಸೋರಿಗೆ: ದಪ್ಪ ಹಾಳೆ ಕೇಳಿ, ಅಂಚಿಗೆ ಅಗಲದ ಟೇಪ್ ಹಚ್ಚಿ, ಪಿನ್ ಹೊಡೆಸಬೇಡಿ, ಮೂಲೆಗೆ ತೂತು ಮಾಡಿ ದಾರ ಕಟ್ಟಿ. ಒಮ್ಮೆಗೆ ಮೂರೇ ಪುಸ್ತಕ ಹೊರಗಿರಲಿ, ಉಳಿದವು ಕಪಾಟಿನಲ್ಲಿ. ಈ ವಾರ ನಾನು ಹುಡುಕ್ತಿರೋದು ಎಮ್ಮೆ ಇರೋ ಪುಸ್ತಕ. ಆರ್ಡರ್ ಕೊಟ್ಟವರು ಮಗಳಲ್ಲ, ಔರಾದ ಆಯಿ.