ಗುಂಡು ಹಾರಿದ ಮೇಲೆ ಆಡುವ ಮಾತು

ಪೊಲೀಸರ ಗುಂಡಿಗೆ ಜನ ಬಲಿಯಾದ ದಿನ ಸರ್ಕಾರದಿಂದ ಬರುವ ಹೇಳಿಕೆ ನಮಗೆಲ್ಲ ಬಾಯಿಪಾಠವಾಗಿದೆ. ‘ಘಟನೆ ದುರದೃಷ್ಟಕರ’, ‘ಪೊಲೀಸರು ಅನಿವಾರ್ಯವಾಗಿ ಗುಂಡು ಹಾರಿಸಿದರು’, ‘ಸಮಾಜಘಾತುಕ ಶಕ್ತಿಗಳ ಕೈವಾಡವಿದೆ’, ‘ತನಿಖೆಗೆ ಆದೇಶಿಸಲಾಗಿದೆ’. ಪಕ್ಷ ಬದಲಾದರೂ ಈ ಸಾಲುಗಳು ಬದಲಾಗುವುದಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಇವನ್ನು ಖಂಡಿಸಿದವರೇ ಅಧಿಕಾರಕ್ಕೆ ಬಂದ ಮೇಲೆ ಅವನ್ನೇ ಓದುತ್ತಾರೆ. ಹೀಗಾಗಿ ನಾಯಕರ ಸಂತಾಪ ನಿಜವೋ ಬರೀ ತೋರಿಕೆಯೋ ಎಂಬುದನ್ನು ಅವರ ಮಾತಿನಿಂದ ಅಳೆಯಲಾಗದು. ಆಮೇಲೆ ಅವರು ಏನು ಮಾಡಿದರು ಎಂಬುದರಿಂದಲೇ ಅಳೆಯಬೇಕು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಜನರಿಗೆ ಇದು ದೂರದ ವಿಷಯವಲ್ಲ. 2025ರ ನವೆಂಬರ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಧರಣಿ ಕುಳಿತರು. ಸರ್ಕಾರ 3,300ಕ್ಕೆ ಬಂದು ನಿಂತಿತು. ಮುಧೋಳ ಭಾಗದ ರೈತರು ಅದನ್ನು ಒಪ್ಪಲಿಲ್ಲ. ಕೊನೆಗೆ ಸಮೀರವಾಡಿ ಕಾರ್ಖಾನೆಯ ಬಳಿ ಕಬ್ಬು ಹೇರಿಕೊಂಡು ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗಳು ಹೊತ್ತಿ ಉರಿದವು. ಪರಿಸ್ಥಿತಿ ಗುಂಡು ಹಾರುವ ಹಂತಕ್ಕೆ ಹೋಗಲಿಲ್ಲ ಎಂಬುದೊಂದೇ ಸಮಾಧಾನ. ಆದರೆ ಆ ಬೆಂಕಿಗೂ ಗುಂಡಿಗೂ ನಡುವಿನ ಅಂತರ ಬಹಳ ಕಡಿಮೆ. ಕಬ್ಬಿನ ಬಿಲ್ಲು, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗುವ ಬೀಳಗಿಯ ಹೊಲಗಳ ಪರಿಹಾರ, ರಬಕವಿ-ಬನಹಟ್ಟಿಯ ನೇಕಾರರ ಸಂಕಟ, ಇವೆಲ್ಲ ಜನರನ್ನು ಬೀದಿಗೆ ತರಬಲ್ಲ ಪ್ರಶ್ನೆಗಳೇ.

ಈ ನೆಲಕ್ಕೆ ಬಂದೂಕಿನ ನೆನಪು ಹಳೆಯದು. 1857ರಲ್ಲಿ ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂದು ಬ್ರಿಟಿಷರು ಆಜ್ಞೆ ಹೊರಡಿಸಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ನುಗ್ಗಿತು, ಮನೆಗಳಿಗೆ ಬೆಂಕಿ ಬಿತ್ತು, ಹಲವರು ಸತ್ತರು. ಸೆರೆ ಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಲಾಯಿತು. ಕೆಲವರನ್ನು ಹಲಗಲಿಯಲ್ಲಿ ಏರಿಸಿದರೆ ಉಳಿದವರನ್ನು ಮುಧೋಳದಲ್ಲಿ, ಅದೂ ಸಂತೆಯ ದಿನ, ನಾಲ್ಕೂರ ಜನ ನೋಡಲಿ ಎಂದೇ ಏರಿಸಿದರು. ಲಾವಣಿಯಾಗಿ ಹಾಡಿದ ಆ ಕಥೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆ ಸರ್ಕಾರ ಸಂತಾಪ ಸೂಚಿಸಲಿಲ್ಲ. ಅದಕ್ಕೆ ಬೇಕಾಗಿದ್ದುದು ಜನರ ಭಯ, ಒಪ್ಪಿಗೆಯಲ್ಲ. ಇಂದಿನ ಮುಖ್ಯಮಂತ್ರಿಗೆ ಜನರ ಒಪ್ಪಿಗೆ ಬೇಕು. ಒಲ್ಲದ ಮನಸ್ಸಿನಿಂದಲಾದರೂ ಅವರು ದುಃಖ ತೋರಿಸಲೇಬೇಕಾಗಿ ಬಂದಿರುವುದು ನಾವು ಪಡೆದ ಸ್ವಾತಂತ್ರ್ಯದ ಫಲ. ಆ ದುಃಖಕ್ಕೆ ಲೆಕ್ಕ ಕೇಳದಿದ್ದರೆ ತಪ್ಪು ನಮ್ಮದೂ ಹೌದು.

ಸ್ವತಂತ್ರ ಕರ್ನಾಟಕದ ದೊಡ್ಡ ಪಾಠ 1980ರ ಜುಲೈ 21ರದು. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಹತ್ತಿಯ ಬೆಲೆ ಬಿದ್ದಿತ್ತು. ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರದ ನೋಟಿಸು ಬಂದಿತ್ತು. ರೈತರು ತಿಂಗಳುಗಟ್ಟಲೆ ಮನವಿ ಕೊಟ್ಟರು, ಯಾರೂ ಕೇಳಲಿಲ್ಲ. ಅಂದು ನವಲಗುಂದ ಮತ್ತು ನರಗುಂದದಲ್ಲಿ ಗುಂಡು ಹಾರಿ ರೈತರು ಸತ್ತರು. ನರಗುಂದದಲ್ಲಿ ಪೊಲೀಸರ ಪ್ರಾಣವೂ ಹೋಯಿತು. ಆರ್. ಗುಂಡೂರಾವ್ ಸರ್ಕಾರ ಕರದಲ್ಲಿ ರಿಯಾಯಿತಿ ಪ್ರಕಟಿಸಿದ್ದು ಅದಾದ ಮೇಲೆ. ಹೆಣ ಬೀಳುವ ಮೊದಲು ಅಸಾಧ್ಯವಾಗಿದ್ದುದು ಹೆಣ ಬಿದ್ದ ಮೇಲೆ ಸಾಧ್ಯವಾದರೆ ಅದನ್ನು ಕರುಣೆ ಎನ್ನಲಾದೀತೆ? ಜನ ಹಾಗೆಂದು ಒಪ್ಪಲಿಲ್ಲ. ರೈತ ಸಂಘ ರಾಜ್ಯದ ಉದ್ದಗಲಕ್ಕೂ ಬೆಳೆಯಿತು, 1983ರ ಜನವರಿಯಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ಕರ್ನಾಟಕದ ಅಧಿಕಾರ ಕಳೆದುಕೊಂಡಿತು. ಇಂದಿಗೂ ಪ್ರತಿ ಜುಲೈ 21ರಂದು ಎಲ್ಲ ಪಕ್ಷಗಳ ನಾಯಕರು ಅಂದು ಸತ್ತ ರೈತರ ವೀರಗಲ್ಲಿಗೆ ಹಾರ ಹಾಕಲು ಬರುತ್ತಾರೆ. ಅದೇ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ 2016ರ ಮಹದಾಯಿ ಹೋರಾಟದ ವೇಳೆ ಪೊಲೀಸರು ಹೆಂಗಸರು, ಮುದುಕರು ಎನ್ನದೆ ಲಾಠಿ ಬೀಸಿದರು.

2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪ ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಎರಡು ವಾರ ಕಳೆಯುವ ಮೊದಲೇ, ಜೂನ್ 10ರಂದು, ಬಿತ್ತನೆಗೆ ಗೊಬ್ಬರ ಕೊಡಿ ಎಂದು ಕೇಳಿದ ಹಾವೇರಿಯ ರೈತರ ಮೇಲೆ ಗುಂಡು ಹಾರಿತು. ಆಮೇಲೆ ನಡೆದದ್ದು ಹೊಣೆ ಜಾರಿಸುವ ಆಟ. ಗೊಬ್ಬರ ಕೊಡದ್ದು ಕೇಂದ್ರ ಎಂದು ರಾಜ್ಯ, ಹಂಚಲು ಬಾರದ್ದು ರಾಜ್ಯ ಎಂದು ಕೇಂದ್ರ ವಾದಿಸಿದವು.

2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಆಗಲೂ ಮುಖ್ಯಮಂತ್ರಿ ಯಡಿಯೂರಪ್ಪನವರೇ. ಮೃತರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ವಾರ ತುಂಬುವ ಮೊದಲೇ, ತನಿಖೆ ಮುಗಿಯುವವರೆಗೆ ಕೊಡುವುದಿಲ್ಲ, ಸತ್ತವರು ತಪ್ಪಿತಸ್ಥರೆಂದಾದರೆ ಕೊಡುವುದೇ ಇಲ್ಲ ಎಂದರು. ಇದರ ಅರ್ಥವನ್ನು ನಿಧಾನವಾಗಿ ಯೋಚಿಸಿ. ಗುಂಡು ಹಾರಿಸಿದವರ ಮೇಲೆ ನಡೆಯಬೇಕಾದ ವಿಚಾರಣೆ ಗುಂಡಿಗೆ ಬಲಿಯಾದವರ ಮೇಲೆ ತಿರುಗಿತು. ಮನೆಯ ಮಗನನ್ನು ಕಳೆದುಕೊಂಡವರು ಅವನು ನಿರಪರಾಧಿ ಎಂದು ಮೊದಲು ರುಜುವಾತು ಮಾಡಿಕೊಡಬೇಕಾಯಿತು. ಸಾಂತ್ವನವನ್ನು ಹೀಗೆ ಹಿಂದಕ್ಕೆ ಪಡೆಯಬಹುದಾದರೆ ಅದು ಮೊದಲೂ ಸಾಂತ್ವನವಾಗಿರಲಿಲ್ಲ.

ನೆರೆಯ ತಮಿಳುನಾಡಿನ ಪ್ರಕರಣ ಇನ್ನೂ ಸ್ಪಷ್ಟ. 2018ರ ಮೇ 22ರಂದು ತೂತ್ತುಕುಡಿಯಲ್ಲಿ ಸ್ಟೆರ್ಲೈಟ್ ತಾಮ್ರ ಘಟಕದ ವಿರುದ್ಧದ ಹೋರಾಟದ ನೂರನೇ ದಿನ ಪೊಲೀಸರು ಗುಂಡು ಹಾರಿಸಿದರು. ಒಟ್ಟು 13 ಜನ ಸತ್ತರು. ಪೊಲೀಸ್ ಇಲಾಖೆಯನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ, ವಿಷಯ ತಮಗೆ ಟಿ.ವಿ. ನೋಡಿಯೇ ತಿಳಿಯಿತು ಎಂದರು. ನ್ಯಾಯಮೂರ್ತಿ ಅರುಣಾ ಜಗದೀಶನ್ ಆಯೋಗ ಆ ಮಾತು ಸರಿಯಲ್ಲ ಎಂದಿತು. ಹಿರಿಯ ಅಧಿಕಾರಿಗಳು ಕ್ಷಣಕ್ಷಣದ ಮಾಹಿತಿಯನ್ನು ಅವರಿಗೆ ಮುಟ್ಟಿಸುತ್ತಿದ್ದರು ಎಂದು ಅದು ದಾಖಲಿಸಿತು. ಆದರೆ ವರದಿ ವಿಧಾನಸಭೆಯ ಮುಂದೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಚುನಾವಣೆ ಮುಗಿದು ಸರ್ಕಾರವೇ ಬದಲಾಗಿತ್ತು. ಸುಳ್ಳು ಆ ದಿನ ಮಾಡಬೇಕಾದ ಕೆಲಸ ಮಾಡಿ ಮುಗಿಸಿತ್ತು.

ಬಂದೂಕು ಪೊಲೀಸರ ಕೈಯಲ್ಲಿರಲಿ, ಹುಚ್ಚು ದ್ವೇಷದ ವ್ಯಕ್ತಿಯ ಕೈಯಲ್ಲಿರಲಿ, ನಾಯಕರ ಪರೀಕ್ಷೆ ಒಂದೇ. 2022ರ ಮೇ 24ರಂದು ಅಮೆರಿಕದ ಉವಾಲ್ಡೆಯ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಹತರಾದರು. ಪೊಲೀಸರು ಒಂದು ತಾಸಿಗೂ ಹೆಚ್ಚು ಹೊತ್ತು ತರಗತಿಯ ಹೊರಗೇ ನಿಂತಿದ್ದರು. ಟೆಕ್ಸಾಸ್ ಗವರ್ನರ್ ಗ್ರೆಗ್ ಅಬಾಟ್ ಮೊದಲು ಅವರ ಧೈರ್ಯವನ್ನು ಕೊಂಡಾಡಿದರು, ಬಳಿಕ ತಮಗೆ ತಪ್ಪು ಮಾಹಿತಿ ಕೊಟ್ಟಿದ್ದರು ಎಂದರು. ಹಂತಕ ಬಳಸಿದಂಥ ಬಂದೂಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ ಎಂದು ಮಕ್ಕಳನ್ನು ಕಳೆದುಕೊಂಡವರು ಕೇಳಿದ್ದು ಕಾನೂನಾಗಲಿಲ್ಲ. ನ್ಯೂಜಿಲೆಂಡ್‌ನಲ್ಲಿ 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರ ಹತ್ಯೆಯಾದಾಗ ಪ್ರಧಾನಿ ಜಸಿಂಡಾ ಆರ್ಡರ್ನ್ ಆರೇ ದಿನಗಳಲ್ಲಿ ಅಂಥ ಬಂದೂಕುಗಳ ನಿಷೇಧ ಪ್ರಕಟಿಸಿದರು. ಏಪ್ರಿಲ್ 10ರಂದು ಸಂಸತ್ತು 119 ಮತಗಳಿಂದ ಮಸೂದೆ ಅಂಗೀಕರಿಸಿತು, ವಿರೋಧ ಬಂದದ್ದು ಒಂದೇ ಮತ. ಅವರು ಮೃತರ ಬಂಧುಗಳನ್ನು ಅಪ್ಪಿಕೊಂಡ ಚಿತ್ರವನ್ನು ಜಗತ್ತು ನಂಬಿದ್ದು ಅದರ ಹಿಂದೆಯೇ ಈ ಕಾನೂನು ಬಂದದ್ದರಿಂದ.

ನಮ್ಮಲ್ಲೂ ಕಾನೂನಿನ ದಾರಿ ಇಲ್ಲವೆಂದಲ್ಲ. 1952ರ ತನಿಖಾ ಆಯೋಗಗಳ ಕಾಯ್ದೆಯ ಪ್ರಕಾರ, ಆಯೋಗ ವರದಿ ಕೊಟ್ಟ ಆರು ತಿಂಗಳೊಳಗೆ ಸರ್ಕಾರ ಅದನ್ನು ಕೈಗೊಂಡ ಕ್ರಮದ ವಿವರದೊಂದಿಗೆ ಶಾಸನಸಭೆಯಲ್ಲಿ ಮಂಡಿಸಬೇಕು. ಆದರೆ ಆಯೋಗದ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ. ಮ್ಯಾಜಿಸ್ಟ್ರೇಟ್ ತನಿಖೆಗೆ ಆದೇಶಿಸಿಬಿಟ್ಟರೆ ಸದನದಲ್ಲಿ ಮಂಡಿಸುವ ಈ ಕಟ್ಟುಪಾಡೂ ಇರುವುದಿಲ್ಲ. ‘ತನಿಖೆ ನಡೆಯುತ್ತಿದೆ’ ಎಂಬ ಉತ್ತರ ವರ್ಷಗಟ್ಟಲೆ ಬಾಳುವುದು ಈ ಸಂದುಗಳಿಂದಲೇ.

ಆದ್ದರಿಂದ ಮುಧೋಳ, ಜಮಖಂಡಿ, ಬೀಳಗಿ, ತೇರದಾಳ ಕ್ಷೇತ್ರಗಳ ಶಾಸಕರು ಪಕ್ಷ ನೋಡದೆ ಬೆಳಗಾವಿಯ ಅಧಿವೇಶನದಲ್ಲಿ ಕೇಳಬೇಕಾದುದು ಹೀಗಿದೆ. ಪೊಲೀಸರ ಗುಂಡಿಗೆ ಜೀವ ಹೋದ ಪ್ರತಿ ಪ್ರಕರಣದಲ್ಲೂ ನ್ಯಾಯಾಂಗ ತನಿಖೆ ಕಡ್ಡಾಯವಾಗಲಿ. ಗುಂಡು ಹಾರಿಸಲು ಆದೇಶ ಕೊಟ್ಟವರು ಯಾರೆಂದು ಸರ್ಕಾರ ಲಿಖಿತವಾಗಿ ಸದನಕ್ಕೆ ತಿಳಿಸಲಿ. ಮೃತರ ಕುಟುಂಬಕ್ಕೆ ಕೊಡುವ ಪರಿಹಾರ ಯಾವ ಷರತ್ತೂ ಇಲ್ಲದೆ ತಕ್ಷಣ ಸಿಗಲಿ, ತನಿಖೆಯ ಫಲಿತಾಂಶಕ್ಕೂ ಅದಕ್ಕೂ ಗಂಟು ಹಾಕುವುದು ಬೇಡ. ಹೋರಾಟ ಶುರುವಾದ ವಾರದೊಳಗೆ ಉಸ್ತುವಾರಿ ಸಚಿವರು ಧರಣಿಯ ಜಾಗಕ್ಕೆ ಬಂದು ಕೂರಲಿ. ಇದನ್ನು ಒಪ್ಪುವ ಮುಖ್ಯಮಂತ್ರಿಯ ಸಂತಾಪವನ್ನು ನಾವು ನಂಬೋಣ. ಒಪ್ಪದವರಿಗೆ ಜುಲೈ 21ರಂದು ವೀರಗಲ್ಲಿನ ಮುಂದೆ ನಿಲ್ಲುವ ಹಕ್ಕಿಲ್ಲ ಎಂದು ಅವರೆದುರೇ ಹೇಳೋಣ.